ಐದನೇ ತರಗತಿ: ವಾರದ ಭಾಷಾ ಗುರಿ ಎಷ್ಟಿರಬೇಕು?

ಮೇಡಂ, ಐದನೇ ತರಗತಿ ಕನ್ನಡಕ್ಕೆ ವಾರಕ್ಕೆ ಎಷ್ಟು ಗುರಿ ಅಂತ ಕೇಳಿದ್ದೀರಿ. ಓದಿಗೊಂದು, ಬರಹಕ್ಕೊಂದು, ಅಷ್ಟೇ. ಓದಿಗೆ, ಒಂದು ಪ್ಯಾರಾ ಓದಿ ಎರಡು ಸ್ವಂತ ವಾಕ್ಯದಲ್ಲಿ ಹೇಳಿದರೆ ಸಾಕು.

ಬರಹದಲ್ಲೇ ತೊಡಕು. 'ಒತ್ತಕ್ಷರ ಕಲಿಯುವುದು' ಅಂತ ಬರೆದರೆ ಅಳೆಯೋಕೆ ಬರಲ್ಲ. 'ಉಕ್ತಲೇಖನದ 10 ಸಜಾತಿ ಒತ್ತಕ್ಷರದ ಪದಗಳಲ್ಲಿ 8 ಸರಿ' ಅನ್ನಿ. ಸಜಾತಿ ಅಂದರೆ ಅದೇ ವ್ಯಂಜನಕ್ಕೆ ಅದೇ ಒತ್ತು: ಈ ವಾರ ಅಕ್ಕ, ಹಗ್ಗ, ಬೆಲ್ಲ. ವಿಜಾತಿ, ಅಂದರೆ ಬೇರೆ ವ್ಯಂಜನದ ಒತ್ತು, ಮುಂದಿನ ವಾರ. ಬೆರೆಸಿದರೆ 'ಪುಸ್ತಕ' ಹೋಗಿ 'ಪುತ್ಸಕ' ಆಗುತ್ತೆ, ಯಾವುದು ಮೇಲೆ ಯಾವುದು ಕೆಳಗೆ ಅನ್ನೋ ಗೊಂದಲ. ಪುಸ್-ತ-ಕ ಅಂತ ಒಡೆದು ಹೇಳಿಸಿ: ಮೊದಲು ಕೇಳಿಸಿದ್ದು ಮೇಲೆ. ಅರ್ಕಾವೊತ್ತು, ಅಂದರೆ ರ್ ಸೂಚಿಸುವ ಗುರುತು, ಮಾತ್ರ ಉಲ್ಟಾ. 'ಸೂರ್ಯ'ದಲ್ಲಿ ಮೊದಲು ಕೇಳಿಸುವ ರ್ ಬರಹದಲ್ಲಿ ಯ ಆದಮೇಲೆ ಬರುತ್ತೆ. ಅದಕ್ಕೆ ಪ್ರತ್ಯೇಕ ವಾರ ಕೊಡಿ.

ಶನಿವಾರದ ಪರೀಕ್ಷೆಗೆ ಹೊಸ ಪದಗಳನ್ನೇ ಕೊಡಿ. ಹಳೇ ಪದ ಕೇಳಿದರೆ ಬಾಯಿಪಾಠವಷ್ಟೇ ಗೊತ್ತಾಗೋದು.