ಸಾವಿರಕ್ಕೆ ಒಂದೇ ತಾವರೆ

ಪ್ರಶ್ನೆ: ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತೇನೆ. ರೋಮನ್ ಅಂಕಿಗಳನ್ನು ಮಕ್ಕಳು ಬಾಯಿಪಾಠ ಮಾಡಿ ಮರೆಯುತ್ತಾರೆ. ಈಜಿಪ್ಟ್, ಬ್ಯಾಬಿಲೋನಿಯಾ, ಮಾಯಾ ಪದ್ಧತಿಗಳನ್ನೂ ಪರಿಚಯಿಸುವ ಆಸೆಯಿದೆ. ಸ್ಥಾನಬೆಲೆಯೇ ಇನ್ನೂ ಗಟ್ಟಿಯಾಗದವರಿಗೆ ಇದು ಹೊರೆಯಾದೀತೇ?

ಉತ್ತರ: ಸ್ಥಾನಬೆಲೆ ಗಟ್ಟಿಯಾಗಿಲ್ಲವೆಂದೇ ಕಲಿಸಿ. ಆದರೆ ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಈಜಿಪ್ಟಿನಿಂದ ಶುರು ಮಾಡಿ. ರೋಮನ್ ಅಂಕಿಗಳಲ್ಲಿ ಕೂಡುವುದರ ಜೊತೆಗೆ ಕಳೆಯುವ ನಿಯಮವೂ ಇದೆ. ಈಜಿಪ್ಟಿನ ಚಿತ್ರಲಿಪಿಗೆ ಆ ತಾಪತ್ರಯವಿಲ್ಲ. ಒಂದಕ್ಕೆ ಗೀಟು, ಹತ್ತಕ್ಕೆ ಕಮಾನು, ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ತಾವರೆ. ಲಕ್ಷಕ್ಕೆ ಗೊದಮೊಟ್ಟೆ! ಅದನ್ನು ಬರೆಯಲು ಇಡೀ ತರಗತಿ ಮುಗಿಬೀಳುತ್ತದೆ. ಗುರುತುಗಳ ಪಟ್ಟಿ ಗೋಡೆಯ ಮೇಲಿರಲಿ, ಬಾಯಿಪಾಠ ಬೇಡ.

ಮೊದಲು 999 ಬರೆಸಿ. ಒಂಬತ್ತು ಸುರುಳಿ, ಒಂಬತ್ತು ಕಮಾನು, ಒಂಬತ್ತು ಗೀಟು, ಒಟ್ಟು 27 ಗುರುತು. ಕೈ ನೋಯುತ್ತಿರುವಾಗಲೇ 1000 ಬರೆಯಲು ಹೇಳಿ: ಒಂದೇ ತಾವರೆ. ಆಮೇಲೆ 276ರ ಗುರುತುಗಳನ್ನು ಚೀಟಿಗಳಲ್ಲಿ ಬರೆಸಿ ಕಲಸಿಬಿಡಿ. ಹೇಗೆ ಜೋಡಿಸಿದರೂ ಅದು 276 ಆಗಿಯೇ ಉಳಿಯುತ್ತದೆ. ನಮ್ಮ ಅಂಕಿಗಳನ್ನು ಕಲಸಿದರೆ 627, 762 ಆಗುತ್ತವೆ. ‘ಏಕೆ?’ ಎಂದು ಕೇಳಿ ಸುಮ್ಮನಿರಿ. ಉತ್ತರ ಅವರಿಂದಲೇ ಬರಲಿ.

ಇನ್ನು 276ಕ್ಕೆ 158 ಕೂಡಿಸಲಿ. 14 ಗೀಟು, 12 ಕಮಾನು, 3 ಸುರುಳಿ ಸೇರುತ್ತವೆ. ಹತ್ತು ಗೀಟು ಕೊಟ್ಟು ಒಂದು ಕಮಾನು, ಹತ್ತು ಕಮಾನು ಕೊಟ್ಟು ಒಂದು ಸುರುಳಿ ಪಡೆದರೆ 434. ದಶಕ ಸಹಿತ ಸಂಕಲನವೆಂದರೆ ಇದೇ ವಿನಿಮಯ. ಪುಸ್ತಕದಲ್ಲಿ ಅದು ತಲೆಯ ಮೇಲಿನ ಪುಟ್ಟ 1 ಆಗಿ ಕುಳಿತಿರುತ್ತದೆ, ಅಷ್ಟೇ.

ಎರಡು ವಾರ ಬಿಟ್ಟು ಮಾಯಾ ಪದ್ಧತಿಗೆ ಹೋಗಿ. ಮಧ್ಯ ಅಮೆರಿಕದ ಆ ಜನ ಒಂದಕ್ಕೆ ಚುಕ್ಕಿ, ಐದಕ್ಕೆ ಅಡ್ಡಗೆರೆ, ಸೊನ್ನೆಗೆ ಚಿಪ್ಪು ಬಳಸಿದರು. ಹುಣಸೆ ಬೀಜ, ಕಡ್ಡಿ, ಕವಡೆ ಸಾಕು. ಕೆಳಗೆ ಬಿಡಿ, ಮೇಲೆ ಇಪ್ಪತ್ತುಗಳು. ಮೇಲೊಂದು ಬೀಜ, ಕೆಳಗೊಂದು ಕವಡೆ ಇಟ್ಟರೆ 20. ಕವಡೆ ತೆಗೆದರೆ ಬರೀ ಒಂದು. ಸೊನ್ನೆಯ ಕೆಲಸ ಬೆರಳಿಗೇ ಸಿಗುತ್ತದೆ. ಎರಡು ಅಂತಸ್ತಿನಲ್ಲಿ 399ರವರೆಗೆ ಬರೆಯಬಹುದು; ಅಲ್ಲಿಗೆ ನಿಲ್ಲಿಸಿ.

ಬ್ಯಾಬಿಲೋನಿಯಾದ್ದು 60ರ ಲೆಕ್ಕ. ಅಲ್ಲಿ 1 ಮತ್ತು 60ಕ್ಕೆ ಒಂದೇ ಗುರುತು, ಖಾಲಿ ಸ್ಥಾನಕ್ಕೆ ಬಹುಕಾಲ ಗುರುತೇ ಇರಲಿಲ್ಲ. ಗಂಟೆಗೆ 60 ನಿಮಿಷ ಬಂದದ್ದು ಆ ಲೆಕ್ಕದಿಂದ ಎಂದಷ್ಟೇ ಹೇಳಿ, ಉಳಿದದ್ದನ್ನು ಆರನೇ ತರಗತಿಯವರಿಗೆ ಬಿಡಿ.