ಜೂಮ್ ಮಾಡಿದರೆ ಮೋಸವಾ?

ಪ್ರಶ್ನೆ: ಯುದ್ಧವಿಮಾನದ ಗೇಮಿನಲ್ಲಿ ಜೂಮ್ ಮಾಡದಿದ್ದರೆ ಶತ್ರು ವಿಮಾನ ಕಾಣುವುದೇ ಇಲ್ಲ. ಮಾಡಿದರೆ, ‘ಪೈಲಟ್ ಕಣ್ಣಿಗೆ ದುರ್ಬೀನು ಕಟ್ಟಿರ್ತಾರಾ?’ ಎಂದು ಅಣ್ಣ ಆಡಿಕೊಳ್ಳುತ್ತಾನೆ. ಯಾರು ಸರಿ?
– ಓದುಗ, ಸಾಗರ

ಉತ್ತರ: ನೀವೇ ಸರಿ. ಮೊನ್ನೆ ಸೋಗಾನೆಯಲ್ಲಿ ಇಳಿಯುತ್ತಿದ್ದ ವಿಮಾನದ ಫೋಟೋ ತೆಗೆದೆ. ಕಣ್ಣಿಗೆ ರೆಕ್ಕೆ, ಬಾಲ ಎಲ್ಲ ಸ್ಪಷ್ಟ. ಫೋನಿನಲ್ಲಿ ನೋಡಿದರೆ ಸೊಳ್ಳೆ! ‘ಲೆನ್ಸ್ ಒರೆಸಿ’ ಅಂದಳು ನಮ್ಮ ಮನೆಯವಳು.

ಗೇಮಿನಲ್ಲೂ ಇದೇ ಕತೆ. ಒಳ್ಳೆಯ ಕಣ್ಣು ಒಂದು ಡಿಗ್ರಿಯೊಳಗೆ ಸುಮಾರು 60 ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ನಿಮ್ಮ ಮಾನಿಟರ್ 1920 ಪಿಕ್ಸೆಲ್ ಅಗಲದ್ದು, ಗೇಮ್ ಎಡದಿಂದ ಬಲಕ್ಕೆ 90 ಡಿಗ್ರಿ ನೋಟ ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ಡಿಗ್ರಿಗೆ ಸರಾಸರಿ 21 ಪಿಕ್ಸೆಲ್ ಅಷ್ಟೇ. 3 ಕಿಲೋಮೀಟರ್ ದೂರದ 10 ಮೀಟರ್ ವಿಮಾನ ಮೂರ್ನಾಲ್ಕು ಪಿಕ್ಸೆಲ್ ಆಗುತ್ತದೆ. ಕೆಳಗೆ ಕಾಡಿದ್ದರೆ ಮುಗೀತು, ಹಸಿರಿನಲ್ಲಿ ಮಾಯ. ಜೂಮ್ ಮಾಡಿ ನೋಟವನ್ನು 30 ಡಿಗ್ರಿಗೆ ಇಳಿಸಿದರೆ ಡಿಗ್ರಿಗೆ 64 ಸಿಗುತ್ತದೆ. ಅದು ದುರ್ಬೀನಲ್ಲ, ಬರಿಗಣ್ಣು.

ಅಣ್ಣನ ಮಾತು ಪೂರ್ತಿ ಸುಳ್ಳೂ ಅಲ್ಲ ಬಿಡಿ, ಅದಕ್ಕಿಂತ ಜಾಸ್ತಿ ಜೂಮ್ ಮಾಡಿದರೆ ದುರ್ಬೀನೇ. ಇನ್ನೊಂದು, ಜೂಮ್ ಮಾಡಿದಾಗ ಅಕ್ಕಪಕ್ಕದ್ದು ಕಾಣುವುದಿಲ್ಲ. ನಿಜವಾದ ಪೈಲಟ್‌ಗೆ ದೂರದ್ದು, ಅಕ್ಕಪಕ್ಕದ್ದು ಎರಡೂ ಒಟ್ಟಿಗೇ ಕಾಣುತ್ತವೆ. ಹಾಗಾಗಿ ಗುರುತು ಹಿಡಿದ ಕೂಡಲೇ ಜೂಮ್ ಬಿಟ್ಟುಬಿಡಿ.