ಪ್ರತಿಕ್ರಿಯೆ: 4,29,49,67,297 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 100ರೊಳಗಿನ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ ಉಳಿಯುತ್ತದೆ ಅಂದಿದ್ದೀರಿ. ಅದು ಸರಿ, ಆದರೆ 1 ಬಿಟ್ಟರೆ ಇದರ ಅತಿ ಚಿಕ್ಕ ಅಪವರ್ತನವೇ 641. ನಿಮ್ಮ ಸಂಖ್ಯೆ 2ರ 32ನೇ ಘಾತಕ್ಕೆ 1 ಕೂಡಿದ್ದು, ಅಂದರೆ ಒಂದು ಫರ್ಮಾ ಸಂಖ್ಯೆ (2ರ ಘಾತವೂ 1, 2, 4, 8, 16, 32ರಂತೆ 2ರದೇ ಘಾತವಾಗಿದ್ದು, ಅದಕ್ಕೆ 1 ಕೂಡಿದಾಗ ಸಿಗುವ ಸಂಖ್ಯೆ). 17ನೇ ಶತಮಾನದ ಗಣಿತಜ್ಞ ಫರ್ಮಾ ಕೂಡ ಇದನ್ನು ಅವಿಭಾಜ್ಯವೆಂದೇ ನಂಬಿದ್ದರು; 1732ರಲ್ಲಿ ಗಣಿತಜ್ಞ ಆಯ್ಲರ್ 641ರಿಂದ ಇದು ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿದರು.

ಇದರ ಯಾವುದೇ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ ಅಂಥ ಅವಿಭಾಜ್ಯಗಳಾದ 193, 257, 449, 577 ನೋಡಿದರೆ ಮುಂದಿನದೇ 641! ಎಷ್ಟು ಕೆಲಸ ಉಳಿಯಿತು ನೋಡಿ.

ನನಗೆ ಇನ್ನೂ ಇಷ್ಟವಾದ ಪುರಾವೆ ಬೇರೆ. ಇದು 65,536² + 1² ಹೌದು, 62,264² + 20,449² ಕೂಡ ಹೌದು. ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಎರಡು ಬಗೆಯಲ್ಲಿ ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ.

ಇನ್ನೊಂದು ಅಪವರ್ತನ 67,00,417 ಸ್ವತಃ ಅವಿಭಾಜ್ಯ. ಆದ್ದರಿಂದ ಭಾಜಕಗಳು ನಾಲ್ಕೇ.